ಬಿಡಿ ಬಿಡಿಯಾಗಿ ಅಕ್ಕ

ಹೊನ್ನಾಳಿಯಲ್ಲಿ ವಯಸ್ಸಾದವರು ನನ್ನನ್ನು ಕಂಡರೆ ಸ್ವಲ್ಪ ಸರಿದು ಹೋಗುತ್ತಾರೆ. ತಮಾಷೆಗೇ ಸರಿಯುತ್ತಾರೆ, ಆದರೂ ಸರಿಯುತ್ತಾರೆ. ನನ್ನ ಕಸುಬು ಅಂಥದ್ದು. ಸತ್ತವರ ಸಣ್ಣ ಫೋಟೊ ನೋಡಿಕೊಂಡು ದೊಡ್ಡದಾಗಿ ಚಿತ್ರ ಬರೆದು ಕೊಡುವವನು ನಾನು. ಮನೆಯ ಹಿರಿಯರು ಹೋದರೆ ಶಿವಗಣಾರಾಧನೆಯ ದಿನ ಕುರ್ಚಿಯ ಮೇಲಿಟ್ಟು ಹಾರ ಹಾಕಲು ಒಂದು ಚಿತ್ರ ಬೇಕಲ್ಲ. ಮನೆಯವರು ಆಧಾರ್ ಕಾರ್ಡನ್ನೋ, ಯಾರದೋ ಮದುವೆಯ ಗುಂಪಿನ ಫೋಟೊವನ್ನೋ ಹಿಡಿದು ಅಂಗಡಿಗೆ ಬರುತ್ತಾರೆ. ನಾನು ಹೆಗಲಿಗೊಂದು ಶಲ್ಯ ಹೊದಿಸಿ, ಹಣೆಗೆ ವಿಭೂತಿ ಹಚ್ಚಿ, ಕಣ್ಣು ಮುಚ್ಚಿದ್ದರೆ ತೆರೆಸಿ ಕೊಡುತ್ತೇನೆ. "ಮೀಸೆ ಸ್ವಲ್ಪ ಕರ್ರಗೆ ಮಾಡ್ರಿ, ಅವರಿಗೆ ಅದೊಂದೇ ಆಸೆ ಇತ್ತು" ಎಂದರೆ ಅದನ್ನೂ ಮಾಡುತ್ತೇನೆ. ಈಗ ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿ ಕೊಡುವ ಅಂಗಡಿಗಳಿವೆ. ಆದರೂ ಕೈಯಲ್ಲಿ ಬರೆದದ್ದೇ ಬೇಕು ಎನ್ನುವವರು ಪೂರ್ತಿ ಮುಗಿದಿಲ್ಲ.

ಯಾರ ಮುಖವೇ ಇರಲಿ, ನಾನು ಮೂಗಿನಿಂದಲೇ ಶುರು ಮಾಡುವುದು. ಮೂಗು ತನ್ನ ಜಾಗದಲ್ಲಿ ಕೂತರೆ ಕಣ್ಣು, ಬಾಯಿ, ಕಿವಿ ಎಲ್ಲವೂ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತವೆ.

ಊರವರ ಅವ್ವಂದಿರನ್ನೆಲ್ಲ ಹೀಗೆ ಬರೆದವನಿಗೆ ನನ್ನ ಅವ್ವನ ಮುಖ ಮಾತ್ರ ಗೊತ್ತಿಲ್ಲ. ಜಗಳೂರಿನಲ್ಲಿ ನಾನು ಅಂಬೆಗಾಲಿಡುವ ಹೊತ್ತಿಗೇ ಅವಳು ಹೋದಳು. ಒಂದು ಫೋಟೊ ಕೂಡ ಇಲ್ಲ. ಊರಿಗೆ ಫೋಟೊ ತೆಗೆಯುವವನು ಬಂದ ದಿನ ಅವಳು ಶೇಂಗಾ ಕೀಳಲು ಹೊಲಕ್ಕೆ ಹೋಗಿದ್ದಳಂತೆ. ಸಂಜೆ ಬರುವಷ್ಟರಲ್ಲಿ ಅವನು ಪೆಟ್ಟಿಗೆ ಕಟ್ಟಿಕೊಂಡು ಬಸ್ ಹತ್ತಿದ್ದನಂತೆ. ಇದನ್ನೆಲ್ಲ ಹೇಳಿದವಳು ಅಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಅಕ್ಕ ದೊಡ್ಡವಳಾದಂತೆ ಜಗಳೂರಿನ ಮುದುಕಿಯರು ಅವಳ ಗಲ್ಲ ಹಿಡಿದು, "ನಿಮ್ಮವ್ವನ್ನೇ ಕಂಡಂಗಾಗ್ತೈತಲ್ಲೇ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಅದರೊಳಗೆ ಅವ್ವ ಎಲ್ಲಿದ್ದಾಳೆ ಎಂದು ತಿಳಿಯುತ್ತಿರಲಿಲ್ಲ.

ಅಕ್ಕ ಈಗ ನ್ಯಾಮತಿಯಲ್ಲಿದ್ದಾಳೆ. ಭಾವನಿಗೆ ಅಲ್ಲೊಂದು ಕಿರಾಣಿ ಅಂಗಡಿ. ಅವಳನ್ನು ಒಮ್ಮೆ ಎದುರಿಗೆ ಕೂರಿಸಿಕೊಂಡು ಬರೆದರೆ ಅವ್ವನ ಹತ್ತಿರಕ್ಕಾದರೂ ಹೋದೇನು ಎಂಬ ಆಸೆ ನನಗೆ ಬಹಳ ವರ್ಷಗಳದು. ಅಕ್ಕ ಒಪ್ಪುತ್ತಿರಲಿಲ್ಲ.

"ನಿನ್ನ ಕೈಯಾಗೆ ಬರೆಸಿಕೊಂಡೋರು ಒಬ್ರಾದ್ರೂ ಉಳಿದಾರೇನೋ? ನಾ ಸತ್ತ ಮ್ಯಾಲೆ ಬರಕೋ. ಬ್ಯಾಡ ಅನ್ನಾಕೆ ಎದ್ದೇನು ಬರಲ್ಲ."

ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಯೋಚಿಸುತ್ತಿದ್ದೆ. ಫೋಟೊಗೂ ನಿಲ್ಲದ ಅವಳದೆಂದು ಇರುವುದು ಆಧಾರ್ ಕಾರ್ಡಿನ ಫೋಟೊ ಒಂದೇ, ಅದರಲ್ಲಿ ಅವಳು ಪೊಲೀಸರ ಕೈಗೆ ಸಿಕ್ಕಿಬಿದ್ದವಳ ಹಾಗಿದ್ದಾಳೆ. ಒಂದು ದಿನ ಅದನ್ನು ನೋಡಿಕೊಂಡು ಅವಳನ್ನು ಬರೆಯಬೇಕಾಗುತ್ತದೆ, ಅವತ್ತಿಗೆ ಅವ್ವನೂ ಎರಡನೇ ಸಲ ಹೋದಂತೆ ಎಂದು ನನಗೆ ಭಯ.

ಹೀಗಿರುವಾಗ ಚನ್ನಗಿರಿ ಕಡೆಯಿಂದ ಅಡಿಕೆ ವ್ಯಾಪಾರದವರೊಬ್ಬರು ಬಂದರು. ಅವರ ಅಣ್ಣ ತೀರಿಕೊಂಡಿದ್ದರು. ತಂದ ಫೋಟೊ ನೀರು ಬಿದ್ದು ಹಾಳಾಗಿತ್ತು. "ಇದ್ರಾಗೆ ಏನೂ ಕಾಣಲ್ಲ ಬಿಡ್ರಿ. ನಾನೂ ಅಣ್ಣನೂ ಒಂದೇ ಅಚ್ಚು. ನನ್ನೇ ನೋಡಿ ಬರೀರಿ" ಎಂದು ಸ್ಟೂಲಿನ ಮೇಲೆ ಕೂತರು. ನಾನು ಪೆನ್ಸಿಲ್ ಹಿಡಿದೆ. ಅವರು ಉಗುಳು ನುಂಗಿದರು, ಬೀದಿಯ ಕಡೆ ನೋಡಿದರು, ಅಣ್ಣ ನೆನಪಾಗಿ ಕಣ್ಣು ತುಂಬಿಕೊಂಡರು. ಪ್ರತಿ ಸಲವೂ ಅಲ್ಲಿ ಬೇರೆಯೇ ಮುಖವಿತ್ತು. ನನ್ನ ಕೈ ನಿಂತುಹೋಯಿತು. ಕೊನೆಗೆ ಫೋನಿನಲ್ಲಿ ಅವರದೊಂದು ಫೋಟೊ ತೆಗೆದುಕೊಂಡು, ಅವರನ್ನು ಕಳಿಸಿ, ಅದನ್ನು ನೋಡಿಕೊಂಡು ಚಿತ್ರ ಮುಗಿಸಿದೆ. ಅವರಿಗೆ ಖುಷಿಯಾಯಿತು. ನನಗೆ ಅವತ್ತು ಊಟ ಸೇರಲಿಲ್ಲ. ಉಸಿರಾಡುವ ಮುಖ ನನ್ನ ಕೈಗೆ ಬರುವುದಿಲ್ಲ, ನಾಳೆ ಅಕ್ಕ ಒಪ್ಪಿದರೂ ನಾನು ಬರೆಯಲಾರೆ ಎಂದು ಗೊತ್ತಾಗಿತ್ತು.

ಮಾರನೆಯ ಬೆಳಗಿನಿಂದ ದಿನಕ್ಕೊಂದು ಚಿತ್ರ ಎಂದು ಹಟ ಹಿಡಿದೆ. ಜೀವ ಇರುವುದನ್ನು ಮಾತ್ರ, ಎದುರಿಗೆ ಕೂತು ಮಾತ್ರ ಬರೆಯಬೇಕು. ಅಂಗಡಿ ತೆರೆಯುವ ಮೊದಲು ಹೊಳೆಯ ಕಡೆ ಹೋಗುತ್ತಿದ್ದೆ. ಆ ಹೊತ್ತಿನಲ್ಲಿ ತುಂಗಭದ್ರೆಯ ಮೇಲೆ ಮಂಜು ಎದ್ದು ಸೇತುವೆಯ ಕಾಲುಗಳು ಅರ್ಧಕ್ಕೇ ಮಾಯವಾಗಿರುತ್ತವೆ. ಮೇಲೆ ಶಿವಮೊಗ್ಗದ ಬಸ್ಸು ಹೋದ ಸದ್ದು ಕೇಳುತ್ತದೆ, ಬಸ್ಸು ಕಾಣುವುದಿಲ್ಲ. ನೀರಿಗಿಳಿದ ಎಮ್ಮೆಗಳ ಬೆನ್ನು ಮಾತ್ರ ತೇಲುತ್ತದೆ. ಮೊದಮೊದಲು ನಾನು ಬರೆದ ಎಮ್ಮೆಗಳೆಲ್ಲ ಸತ್ತ ಎಮ್ಮೆಗಳೇ. ಹಣೆಗೊಂದು ವಿಭೂತಿ ಹಚ್ಚುವುದೊಂದು ಬಾಕಿ. ಆದರೆ ದಿನಾ ಕೂತು ಕೂತು ಕಣ್ಣು ಮೆಲ್ಲಗೆ ಸಡಿಲವಾಯಿತು. ಅಲುಗಾಡುವುದನ್ನು ನಿಲ್ಲು ಎನ್ನುವುದು ಬಿಟ್ಟೆ, ಅದರ ಜೊತೆಗೇ ಅಲುಗಾಡಲು ಕಲಿತೆ. ಒಂದೊಂದು ಬೆಳಗು ಬರೆಯುತ್ತಿರುವವನು ನಾನೋ ಹೊಳೆಯೋ ಎಂಬುದೂ ಮರೆತುಹೋಗುತ್ತಿತ್ತು. ಬಿಸಿಲು ಬೆನ್ನಿಗೆ ತಾಗಿದಾಗಲೇ ಎಚ್ಚರ.

ಆ ಧೈರ್ಯದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಹೂವು ಮಾರುವ ಅಜ್ಜಿಯನ್ನು ಬರೆಯಲು ಕೂತೆ. ಆಕೆಗೆ ತೂಕಡಿಕೆ ಬಂದಿತ್ತು. ಮುಖ ಮುಗಿಯುವಷ್ಟರಲ್ಲಿ ನನ್ನ ಹಿಂದೆ ಜನ ಸೇರಿತ್ತು. ಯಾರೋ "ಅಯ್ಯೋ, ಯಾವಾಗ್ರೀ?" ಎಂದರು. ಇನ್ಯಾರೋ ಆಗಲೇ ಅಜ್ಜಿಯ ಮಗನಿಗೆ ಫೋನು ಹಚ್ಚಿದ್ದರು. ಮಗ ಬೈಕಿನಲ್ಲಿ ಅಳುತ್ತಾ ಬಂದಿಳಿದ. ಅಜ್ಜಿ ಗದ್ದಲಕ್ಕೆ ಎಚ್ಚರಾಗಿ ಮಗನನ್ನೂ ನನ್ನನ್ನೂ ನನ್ನ ಕೈಯ ಹಾಳೆಯನ್ನೂ ನೋಡಿದಳು. "ಮುಂಗಡ ಬರದಿಟ್ಕೊಳ್ಳಾಕೆ ನಾನೇನು ನಿನ್ನ ಕೇಳಿದ್ನೇನೋ?" ಎಂದು ಹೂವಿಗೆ ಚಿಮುಕಿಸುವ ನೀರನ್ನು ನನ್ನ ಮೇಲೆ ಎರಚಿದಳು. ಊರೆಲ್ಲ ನಕ್ಕಿತು. ನನಗೆ ಒಳಗೊಳಗೇ ಸಂತೋಷ. ಅಜ್ಜಿಯ ತೂಕಡಿಕೆ ಹಾಳೆಯ ಮೇಲೆ ಬಂದಿತ್ತು, ಅದರಲ್ಲಿ ಉಸಿರಿತ್ತು.

ಸುದ್ದಿ ನ್ಯಾಮತಿಗೂ ಮುಟ್ಟಿತು. ಮುಂದಿನ ಸಲ ಹೋದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅಜ್ಜಿಯ ಚಿತ್ರದ ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿದಳು.

"ಅಜ್ಜಿ ಚಲೋ ಅದಾಳೇನು?"

"ಚಲೋ ಅದಾಳೆ. ದಿನಾ ಬೈತಾಳೆ."

ಅಕ್ಕ ಹಾಳೆ ವಾಪಸು ಕೊಟ್ಟಳು. "ಹಂಗಾದ್ರೆ ಒಂದು ಕೆಲ್ಸ ಮಾಡು. ಇಡೀ ಮುಖ ಬರೀಬ್ಯಾಡ. ಒಂದಿನ ಕಿವಿ, ಒಂದಿನ ಕೈ. ಬಿಡಿ ಬಿಡಿ ಬರಕೋ. ಯಮ ಬಂದು ನೋಡಿದ್ರೂ ಯಾರದು ಅಂತ ಗುರ್ತು ಸಿಗಬಾರದು."

ಅಂದಿನಿಂದ ಬೆಳಗಿನ ಮೊದಲ ಬಸ್ಸಿಗೆ ನ್ಯಾಮತಿಗೆ ಹೋಗುವುದು ರೂಢಿಯಾಯಿತು. ಕಿಟಕಿಯ ಪಕ್ಕ ಅರೆನಿದ್ದೆ. ಗದ್ದೆಯ ನೀರಿನಲ್ಲಿ ಕೆಂಪು ಆಕಾಶ, ಅದರ ಮೇಲೆ ಒಂದು ಕೊಕ್ಕರೆ. ಕಣ್ಣು ಮುಚ್ಚಿ ತೆರೆದರೆ ಮೆಕ್ಕೆಜೋಳದ ಹೊಲ. ಎಷ್ಟೋ ಸಲ ನಾನು ಜಗಳೂರಿಗೆ ಹೋಗುತ್ತಿದ್ದೇನೆ, ಅಲ್ಲಿ ಯಾರೋ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಕಂಡಕ್ಟರ್ ಕೂಗಿದಾಗ ಇಳಿದರೆ ನ್ಯಾಮತಿ, ಅಕ್ಕ ಬಾಗಿಲಿಗೆ ನೀರು ಹಾಕುತ್ತಿರುತ್ತಿದ್ದಳು.

ಅವಳು ಕೆಲಸ ನಿಲ್ಲಿಸುತ್ತಿರಲಿಲ್ಲ. ನಾನು ಅವಳ ಹಿಂದೆ ಹಿಂದೆ ಹಾಳೆ ಹಿಡಿದು ಸುತ್ತುತ್ತಿದ್ದೆ. ಓಲೆಯ ಭಾರಕ್ಕೆ ಜೋತ ಕಿವಿ ಬರೆದೆ. ರೊಟ್ಟಿ ಬಡಿಯುವ ಕೈ, ಹಿಟ್ಟು ಮೆತ್ತಿದ ಬೆರಳು ಬರೆದೆ. ಒಡೆದ ಹಿಮ್ಮಡಿ, ತುರುಬು, ಗದ್ದದ ಕೆಳಗಿನ ಹಸಿರು ಹಚ್ಚೆಯ ಚುಕ್ಕೆ, ಎಲೆ ಅಡಿಕೆ ಮೆಲ್ಲುವ ಬಾಯಿ, ಬೇಳೆ ಆರಿಸುವಾಗ ಕೆಳಗೆ ಬಾಗಿದ ಕಣ್ಣು. ಮೂಗನ್ನು ಮಾತ್ರ ಬಹಳ ದಿನ ಮುಟ್ಟಲಿಲ್ಲ. ಅದನ್ನು ಬರೆದರೆ ಮುಖವೇ ಬಂದುಬಿಡುತ್ತದೆ ಎಂದು ನನಗೇ ಅಂಜಿಕೆ. ಅದನ್ನೂ ಒಂದು ಬೆಳಗ್ಗೆ ಬರೆದೆ. ಹಾಳೆಗಳನ್ನು ಅವಳ ಮನೆಯ ಅಟ್ಟದ ಮೇಲೇ ಇಡುತ್ತಿದ್ದೆ. ಒಟ್ಟಿಗೆ ಜೋಡಿಸಿ ನೋಡಲು ನನಗೂ ಧೈರ್ಯ ಇರಲಿಲ್ಲ.

ಮೊನ್ನೆ ಶೀಗಿ ಹುಣ್ಣಿಮೆ ಕಳೆದ ಮೇಲೆ ಹೋದಾಗ ಭಾವ ಅಂಗಡಿಗೆ ಹೋಗಿದ್ದರು. ಅಕ್ಕ ತಾನಾಗಿಯೇ, "ಎಲ್ಲಾ ಇಳಿಸು, ನೋಡಾನ" ಎಂದಳು. ನಡುಮನೆಯ ನೆಲದ ತುಂಬ ಹಾಳೆಗಳನ್ನು ಹರಡಿದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಅವುಗಳ ನಡುವೆ ಕೂತಳು. ಬೇಳೆ ಆರಿಸಿದ ಹಾಗೆ ಆರಿಸತೊಡಗಿದಳು.

"ಈ ಕೈ ಅಪ್ಪಂದು. ತೆಗಿ. ಕಾಲೂ ಅಪ್ಪಂದೇ." ಅವು ಒಂದು ಬದಿಗೆ ಹೋದವು. "ಕಿವಿ ಅವ್ವಂದು. ಬಾಯಿ ಅವ್ವಂದು. ಹಿಂಗೇ ತುದಿ ಕಚ್ಚಿಕೊಂಡು ನಗ್ತಿದ್ಳು. ಕಣ್ಣು... ಇರಲಿ, ಇದೂ ಅವ್ವಂದೇ."

ಅವಳೇ ಅವನ್ನು ಒಂದೊಂದಾಗಿ ಜರುಗಿಸಿ ಹತ್ತಿರ ತಂದಳು. ನೆಲದ ಮೇಲೆ ಯಾರೋ ಮೆಲ್ಲಗೆ ಮೇಲೆದ್ದು ಬರುತ್ತಿದ್ದರು. ಅಕ್ಕನ ಹಾಗಿದ್ದು ಅಕ್ಕನಲ್ಲದ ಒಂದು ಹೆಂಗಸು. ನಡುವೆ ಮಾತ್ರ ಖಾಲಿ. ನಾನು ಮೂಗಿನ ಹಾಳೆಯನ್ನು ಅಲ್ಲಿಗೆ ತಂದೆ.

"ಅದು ನಂದು. ಅಪ್ಪನ ಮೂಗು. ತೆಗಿ ಅತ್ಲಾಗೆ."

"ಅಕ್ಕಾ, ಮೂಗಿಲ್ದೆ ಹೆಂಗೆ? ಪೂರ್ತಿ ಆಗಲ್ಲ."

"ಪೂರ್ತಿ ಮಾಡು. ಇದು ನಾನಲ್ಲ, ಅವ್ವ. ಸತ್ತೋರನ್ನ ಬರೆಯಾದು ನಿನ್ನ ಕಸುಬಲ್ವೇನೋ?"

"ಮೂಗು ಎಲ್ಲಿಂದ ತರಲಿ?"

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ತುದಿ ಕಚ್ಚಿಕೊಂಡು ನಗುತ್ತಿತ್ತು. ಎರಡು ಬೆರಳಿನಿಂದ ನನ್ನ ಮೂಗು ಹಿಡಿದು ಅಲ್ಲಾಡಿಸಿದಳು. ನಾನು ಅವಳ ಸೊಂಟದ ಮೇಲಿದ್ದಾಗ ಹೀಗೇ ಮಾಡುತ್ತಿದ್ದಿರಬೇಕು.

"ಇಲ್ಲೈತಲ್ಲೋ ತಮ್ಮಾ. ನಿನ್ನ ಹೊತ್ಕೊಂಡು ತಿರುಗಿದ್ದೇ ಇದನ್ನ ನೋಡ್ಕೊಂತ." ಆಮೇಲೆ ಏನೋ ನೆನಪಾದವಳಂತೆ ಗದರಿದಳು. "ಮೂಗು ಒಂದೇ ಬರಕೋ ಮತ್ತೆ. ನಿನ್ನ ಮುಖ ಪೂರ್ತಿ ಬರೆದೀಯ, ಹುಷಾರ್!"

ಅಕ್ಕ ಆರಿಸಿಕೊಟ್ಟ ಅವ್ವನ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಇಡೀ ದಾರಿ ಅತ್ತೆ. ಪಕ್ಕದವರು ಯಾರು ಹೋದರು ಎಂದು ಕೇಳಿದರು. ಯಾರೂ ಹೋಗಿಲ್ಲ, ಬಂದಿದ್ದಾರೆ ಎಂದೆ. ಅವರು ಸ್ವಲ್ಪ ಸರಿದು ಕೂತರು.

ಮಾರನೆಯ ದಿನ ಹೊಳೆಗೂ ಹೋಗಲಿಲ್ಲ, ನ್ಯಾಮತಿಗೂ ಹೋಗಲಿಲ್ಲ. ಬಚ್ಚಲಿನ ಕನ್ನಡಿಯನ್ನು ಮೊಳೆಯಿಂದ ಬಿಡಿಸಿ ತಂದು ಕಿಟಕಿಯ ಬೆಳಕಿಗೆ ಒರಗಿಸಿದೆ. ಹುಟ್ಟಿದಾಗಿನಿಂದ ನನ್ನ ಮೂಗಾಗಿ ಜೊತೆಗಿದ್ದ ಅವ್ವನ ಮೇಲೆ ದಿನಾ ನೀರು ಚಿಮುಕಿಸಿ ಮುಖ ತೊಳೆದಿದ್ದೆ, ಗುರುತೇ ಹಿಡಿದಿರಲಿಲ್ಲ. ಹೊಸ ಹಾಳೆಯ ನಡುವೆ ಪೆನ್ಸಿಲ್ ಇಟ್ಟು, ಎಂದಿನಂತೆ ಮೂಗಿನಿಂದಲೇ ಶುರು ಮಾಡಿದೆ.