ಟವೆಲ್ ಹೊದ್ದ ಲ್ಯಾಪ್‌ಟಾಪ್

ಇದು ಹೋದ ವರ್ಷ ಯುಗಾದಿ ಮುಗಿದ ಮೇಲೆ, ಬಿಸಿಲು ಏರಿದ್ದ ದಿನಗಳಲ್ಲಿ ನಡೆದದ್ದು. ನಡೆದದ್ದು ನಿಜ; ಆದರೆ ನಾನು ಹೇಳುವಂತೆಯೇ ನಡೆಯಿತೆ ಎಂದು ಯಾರಾದರೂ ಕೇಳಿದರೆ ಹೌದೆನ್ನಲು ಧೈರ್ಯ ಸಾಲದು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಬೇರೆಯವರ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ಆ ಮಧ್ಯಾಹ್ನದಿಂದೀಚೆಗೆ ನನ್ನ ನೆನಪನ್ನೂ ನಂಬುವುದು ಬಿಟ್ಟಿದ್ದೇನೆ.

ನನ್ನೂರು ಅಕ್ಕಲಕೋಟ. ನಮ್ಮ ಕಡೆಯ ಜನ ಹಳೇ ಲ್ಯಾಪ್‌ಟಾಪ್ ಕೊಳ್ಳಲು ಸೊಲ್ಲಾಪುರದ ಅಂಗಡಿಗಳಿಗೆ ಹೋಗಿ, ರ್‍ಯಾಮ್, ಪ್ರೊಸೆಸರ್ ಎಂಬ ಮಾತುಗಳಿಗೆಲ್ಲ ತಲೆ ಆಡಿಸಿ, ಅಂಗಡಿಯವನು ಕೈಗಿಟ್ಟದ್ದನ್ನು ತರುತ್ತಿದ್ದರು. ನೋಡಿ ನೋಡಿ ಬೇಸತ್ತು, ಫೋನಿನಲ್ಲೇ ತೆರೆಯುವ ಒಂದು ಪುಟ ಮಾಡಿದೆ. ಕನ್ನಡದಲ್ಲಿ, ಮರಾಠಿಯಲ್ಲಿ ಮೂರೇ ಪ್ರಶ್ನೆ. ಏನು ಕೆಲಸಕ್ಕೆ ಬೇಕು? ಕರೆಂಟ್ ಹೋದರೆ ಎಷ್ಟು ತಾಸು ನಡೆಯಬೇಕು? ಎಷ್ಟು ರೂಪಾಯಿಯೊಳಗೆ? ಉತ್ತರ ಒತ್ತಿದರೆ ಮೂರು ಲ್ಯಾಪ್‌ಟಾಪ್‌ಗಳ ಹೆಸರು, ಅವು ಸಿಗುವ ಅಂಗಡಿ ದೊಡ್ಡ ಅಕ್ಷರದಲ್ಲಿ ಬರುತ್ತಿದ್ದವು. ಅಂಗಡಿಯವರು ಕಳಿಸುತ್ತಿದ್ದ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾಲಂ. ಜನರಿಗೆ ಬೇಡವೆಂದು ನನಗೆ ತೋಚಿದ್ದನ್ನೆಲ್ಲ ಮರೆಮಾಡಿ ನಾಲ್ಕೇ ನಾಲ್ಕು ಉಳಿಸಿದ್ದೆ. ಅದೇ ನನ್ನ ಹೆಮ್ಮೆ.

ಆ ಪುಟ ನೋಡಿ ಕೊಂಡವರಲ್ಲಿ ಮಹಾದೇವಿ ಅಕ್ಕನೂ ಒಬ್ಬಳು. ನಮ್ಮೂರ ಹತ್ತಿರದ ಮೈಂದರ್ಗಿಯವಳು, ನನ್ನ ಅಕ್ಕನ ಗೆಳತಿ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಅವಳ ಗಂಡನ ಮನೆಯವರದು ನಾಲ್ಕು ಮಗ್ಗಗಳ ಟವೆಲ್ ಶೆಡ್ಡು. ಶೆಡ್ಡಿನ ಹಿಂದಿನ ಕೋಣೆಯೇ ಮನೆ. ಟವೆಲಿನ ಅಂಚಿಗೆ ಬರುವ ಹೂವು, ನವಿಲುಗಳನ್ನು ಅವಳು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ಪದೇ ಪದೇ ಕರೆಂಟ್ ಹೋಗುವ ಜಾಗ. ಎರಡನೆಯ ಪ್ರಶ್ನೆಗೆ ಎಂಟು ತಾಸು ಎಂದು ಒತ್ತಿ, ಮೊದಲು ಕಂಡ ಲ್ಯಾಪ್‌ಟಾಪನ್ನೇ ತಂದಿದ್ದಳು.

ಎರಡು ತಿಂಗಳಾದ ಮೇಲೆ, ಹೇಗೆ ನಡೆದಿದೆ ಎಂದು ಕೇಳಲು ಹೋದೆ. ನಿಜ ಹೇಳಬೇಕೆಂದರೆ ಹೊಗಳಿಸಿಕೊಳ್ಳಲು ಹೋದೆ. ಮಗ್ಗಗಳ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವಂತಿರಲಿಲ್ಲ. ಗಾಳಿಯ ತುಂಬ ಹತ್ತಿಯ ನಯವಾದ ಧೂಳು. ಮಹಾದೇವಿ ಅಕ್ಕ ಮಗ್ಗದ ಹತ್ತಿರ ಕಡಿದ ನೂಲು ಗಂಟು ಹಾಕುತ್ತಿದ್ದಳು. ಒಳಗೆ ನಡೆ ಎಂದು ಕೈಯಲ್ಲೇ ಸನ್ನೆ ಮಾಡಿದಳು.

ಒಳಗೆ ಅವಳ ಅತ್ತೆ ಗೌರಬಾಯಿ ಪರಾತವೆಂಬ ಅಗಲ ತಟ್ಟೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದರು. ಮೂಲೆಯಲ್ಲಿ ಕಟ್ಟಿದ ಸೀರೆಯ ಜೋಲಿಯಲ್ಲಿ ಅಕ್ಕನ ಏಳು ತಿಂಗಳ ಮಗಳು ಮಲಗಿದ್ದಳು. ಜೋಲಿಯಿಂದ ಎರಡು ಮಾರು ದೂರದಲ್ಲಿ ಟವೆಲ್ ಗಂಟುಗಳ ರಾಶಿ. ರಾಶಿಯ ಮೇಲೆ ಇನ್ನೊಂದು ಟವೆಲನ್ನು ಎರಡು ಮಡಿಕೆ ಮಾಡಿ ಏನನ್ನೋ ಹೊದಿಸಿದ್ದರು. ಅದರಡಿಯಿಂದ ಚಾರ್ಜರಿನ ವೈರು ಹೊರಗೆ ಬಂದಿತ್ತು.

“ಆಯಿ, ಅದೇನು?”

“ಅಕಿ ಕಂಪ್ಯೂಟ್ರಪಾ. ಮುಚ್ಚಲಾರದ ಇಟ್ರ ಕಾಪೂಸಿನ ಧೂಳ ಒಳಗ ಹೋಗತದ. ನಮ್ಮಂಗ ಅದೂ ಕೆಮ್ಮಾಕ ಹತ್ತಬಾರ್ದಲ್ಲ? ಚಾರ್ಜಿಂಗಿಗಿ ಹಚ್ಚಿದಾಗ ನಾನ ಮುಚ್ಚತೀನಿ.”

ನಾನು ಟವೆಲ್ ಎತ್ತಿದೆ. ಬಿಸಿ ಮುಖಕ್ಕೆ ಹೊಡೆಯಿತು. ಲ್ಯಾಪ್‌ಟಾಪಿನ ಹೊಟ್ಟೆ ಉಬ್ಬಿ, ಮೇಲಿನ ಮುಚ್ಚಳ ಮುಚ್ಚಲಾಗದೆ ಬಾಯಿ ತೆರೆದಿತ್ತು. ಸಿಹಿಯಾದ, ಉಗುರಿಗೆ ಹಚ್ಚುವ ಬಣ್ಣದಂಥ ವಾಸನೆ. ಒಳಗಿನಿಂದ ಸಣ್ಣಗೆ ಸುಯ್ ಎನ್ನುವ ಸದ್ದು. ಬ್ಯಾಟರಿ ಒಡೆಯಲಿದೆ ಎಂಬುದು ನನಗೆ ಗೊತ್ತಾಯಿತು. ಕೆಳಗೆ ಹತ್ತಿ, ಸುತ್ತ ಹತ್ತಿ, ಗಾಳಿಯಲ್ಲೂ ಹತ್ತಿ. ಪಕ್ಕದಲ್ಲಿ ಮಗು.

ಮುಂದಿನದನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ: ಪ್ಲಗ್ ಕಿತ್ತೆ, “ಮಗುವನ್ನು ಎತ್ತಿಕೊಳ್ಳಿ” ಎಂದು ಕೂಗಿದೆ, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಹಿಂಬಾಗಿಲಿಗೆ ಓಡಿದೆ.

ಮಹಾದೇವಿ ಅಕ್ಕ ಹೇಳುವುದೇ ಬೇರೆ. “ನೀ ಪ್ಲಗ್ ಕಿತ್ತಿದ್ದು ಖರೇ. ಆಮ್ಯಾಲ ಅದನ್ನ ಕೈಯಾಗ ಹಿಡ್ಕೊಂಡು ‘ಒಂದ್ ನಿಮಿಷ, ಒಂದ್ ನಿಮಿಷ’ ಅಂತ ನಿಂತಿದ್ದಿ, ತಮ್ಮಾ. ನಿನ್ನ ಬೆನ್ನಿಗೇ ನಾ ಒಳಗ ಬಂದಿದ್ದೆ; ಕೂಸಿನ್ನ ನಾನ ಎತ್ತಿದೆ. ನಮ್ಮತ್ತಿ ಹಿಟ್ಟು ನೆಲಕ್ಕ ಚೆಲ್ಲಿ, ಪರಾತದಾಗ ಅದನ್ನ ಜಗ್ಗಿ ಹಾಕ್ಕೊಂಡು ಓಡಿದ್ಲು.”

ಹಿಂಬಾಗಿಲ ಹೊರಗೆ ಕಟ್ಟಡದ ಕೆಲಸಕ್ಕೆ ತಂದ ಮರಳಿನ ಗುಡ್ಡೆ ಇತ್ತು. ಪರಾತ ಅದರ ಮೇಲೆ ಬಿದ್ದದ್ದು ನೆನಪಿದೆ. ನಾವು ಹತ್ತು ಹೆಜ್ಜೆ ಹಿಂದೆ ಸರಿದಿರಬೇಕು. ಪಟಾಕಿಯಂತೆ ಒಂದು ಸದ್ದು, ಬಿಳಿ ಹೊಗೆ, ಆಮೇಲೆ ಮೊಣಕಾಲೆತ್ತರದ ಬೆಂಕಿ. ಕೂಸು ಅಳುತ್ತಿತ್ತು. ಒಳಗೆ ಮಗ್ಗಗಳು ತಮ್ಮ ಪಾಡಿಗೆ ಬಡಿದುಕೊಳ್ಳುತ್ತಿದ್ದವು.

ಬೆಂಕಿ ಆರಿದ ಮೇಲೆ ಗೌರಬಾಯಿ ನನ್ನತ್ತ ತಿರುಗಿದರು. “ನಿನ್ನ ಪೇಜ್ ಎಂಟು ತಾಸು ನಡೀತದ ಅಂದಿತ್ತಲ್ಲೋ, ಶಾಣ್ಯಾ. ಎಂಟು ನಿಮಿಷದಾಗ ಇಡೀ ಮನಿ ಮುಗಸ್ತಿತ್ತು.”

ನಾನು ಅಲ್ಲೇ ಗೋಡೆಗೆ ಒರಗಿದೆ. ಅದನ್ನು ನೋಡಿ ಅವರ ದನಿ ಇಳಿಯಿತು. “ಕೂಡಪಾ, ಕೂಡು. ನೀರ ಕುಡಿ. ಮುಚ್ಚಿದಾಕಿ ನಾನ ಅಲ್ಲ? ನಂದೂ ತಪ್ಪದ.”

ನೀರು ಕುಡಿದೆ. ಆಗ ಇನ್ನೊಂದು ಭಯ ಎದ್ದಿತು. ನನ್ನ ಪುಟ ನೋಡಿ, ಅಕ್ಕ ತಂದ ಅಂಗಡಿಯಿಂದಲೇ ಎಂಟು ತಾಸಿನ ಲ್ಯಾಪ್‌ಟಾಪ್ ಕೊಂಡವರು ಇನ್ನೂ ಆರು ಜನ ಇದ್ದರು. ಅಲ್ಲೇ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಐವರು ಎತ್ತಿದರು, ಚಾರ್ಜಿಗೆ ಹಾಕಬೇಡಿ ಎಂದು ಬೇಡಿಕೊಂಡೆ. ಆರನೆಯವಳು ಮೈಂದರ್ಗಿಯ ನರ್ಸಿಂಗ್ ವಿದ್ಯಾರ್ಥಿನಿ. ಫೋನು ಬಡಿದುಕೊಳ್ಳುತ್ತಿತ್ತು, ಎತ್ತುತ್ತಿರಲಿಲ್ಲ. ಅಕ್ಕಲಕೋಟಕ್ಕೆ ಬಸ್ಸು, ಅಲ್ಲಿಂದ ಮೈಂದರ್ಗಿಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಕಿಟಕಿಯಾಚೆ ಎಲ್ಲಿ ಹೊಗೆ ಕಂಡರೂ, ಹೊಲದಲ್ಲಿ ಕಸ ಸುಡುವ ಹೊಗೆಯಾದರೂ, ಎದ್ದು ನಿಂತು ನೋಡುತ್ತಿದ್ದೆ. ಅವಳ ಮನೆ ಮುಟ್ಟಿದಾಗ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಲ್ಯಾಪ್‌ಟಾಪ್ ಅಲಮಾರಿಯಲ್ಲಿ, ಸೀರೆಗಳ ನಡುವೆ ತಣ್ಣಗಿತ್ತು. ಅದರ ಹೊಟ್ಟೆಯನ್ನು ಬೆರಳಿಂದ ಸವರಿ ನೋಡಿದೆ. ಅಲ್ಲೂ ಸ್ವಲ್ಪ ಉಬ್ಬಿತ್ತು.

ಮರುದಿನ ಸೊಲ್ಲಾಪುರದ ಆ ಅಂಗಡಿಗೆ ಹೋಗಿ ಜಗಳ ತೆಗೆದೆ. ಬ್ಯಾಟರಿಯ ವಿಷಯ ಯಾಕೆ ಹೇಳಲಿಲ್ಲ ಎಂದೆ. ಅಂಗಡಿಯವನು ಸಿಟ್ಟಾಗಲಿಲ್ಲ. “ನಾ ಎಲ್ಲಾ ಬರದ ಕಳಸೀನ್ರಿ ಸರ. ಮನಿಗಿ ಹೋಗಿ ನೋಡ್ರಿ” ಎಂದ. ಸುಳ್ಳು ಎಂದುಕೊಂಡೇ ಹೊರಬಂದೆ. ಅವನು ಹಾಗೆ ಏನೂ ಬರೆದಿರಲಿಲ್ಲ ಎಂಬುದು ನನಗೆ ಅಷ್ಟು ಸ್ಪಷ್ಟವಾಗಿ ನೆನಪಿತ್ತು.

ಪುಟವನ್ನು ಅಂದೇ ಮುಚ್ಚಿದೆ. ಆರು ಜನರ ಬ್ಯಾಟರಿಗಳನ್ನೂ ಬದಲಾಯಿಸಿಕೊಟ್ಟೆ. ಲ್ಯಾಪ್‌ಟಾಪನ್ನು ಹೊರಗೊಯ್ದವರು ಯಾರು ಎಂದು ಈಗಲೂ ನನ್ನೊಳಗೆ ವಾದ ನಡೆಯುತ್ತದೆ. ನನ್ನ ಅಂಗೈಯಲ್ಲಿ ಸುಟ್ಟ ಕಲೆ ಇಲ್ಲ. ಗೌರಬಾಯಿಯ ಪರಾತದ ತಳದಲ್ಲಿ ಮಾತ್ರ ತಿಕ್ಕಿದರೂ ಹೋಗದ ಕರಿ ಗುರುತಿದೆ. ಚಾರ್ಜಿಗೆ ಹಾಕಿದ ಫೋನಿನ ಮೇಲೆ ಯಾರಾದರೂ ಬಟ್ಟೆ ಇಟ್ಟರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಹೋಗಿ ತೆಗೆಯುತ್ತದೆ.

ಒಂದನ್ನು ಮಾತ್ರ ಪರೀಕ್ಷಿಸಿ ಖಚಿತ ಮಾಡಿಕೊಂಡಿದ್ದೇನೆ. ತಿಂಗಳ ನಂತರ ಆ ಅಂಗಡಿಯವನ ಮೂಲ ಪಟ್ಟಿ ತೆರೆದು, ಮರೆಮಾಡಿದ್ದ ಕಾಲಂಗಳನ್ನೆಲ್ಲ ಬಿಡಿಸಿ ನೋಡಿದೆ. ಎಂಟು ತಾಸು ನಡೆಯುವ ಏಳೂ ಲ್ಯಾಪ್‌ಟಾಪ್‌ಗಳ ಮುಂದೆ, ಹದಿನೇಳನೆಯ ಕಾಲಮಿನಲ್ಲಿ, “ಬ್ಯಾಟರಿ ಬದಲಿ, ಕಂಪನಿಯದಲ್ಲ” ಎಂದು ಬರೆದಿತ್ತು.