ಮೈಕಿನ ಸಂಕಪ್ಪನ ನೆಲದ ವಾಯರು

ಸಂಕಪ್ಪನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನನ್ನ ಗಂಡ ಸತ್ತ ದಿವಸ. ತೊಂಬತ್ತಮೂರರ ಬಸವ ಜಯಂತಿ. ಆಗ ನಾವು ಪುಣೆಯ ಕೋಥರೂಡದಲ್ಲಿ ಕಟ್ಟುತ್ತಿದ್ದ ಒಂದು ಫ್ಲ್ಯಾಟಿನ ಸೊಸಾಯಿಟಿಯ ಹಿಂದೆ ತಗಡಿನ ಪತ್ರಾ ಹೊದಿಸಿದ ಗುಡಿಸಲುಗಳಲ್ಲಿ ಇದ್ದೆವು. ಎಲ್ಲರೂ ಅಫಜಲಪುರ ಕಡೆಯ ಗೌಂಡಿ ಕೆಲಸದ ಮಂದಿ. ನನ್ನ ಗಂಡ ಅಂಬಾರಾಯ ಹಗಲೆಲ್ಲ ಸಿಮೆಂಟು ಕಲಸುತ್ತಿದ್ದ, ಸಂಜೆಗೆ ಭಜನಿ ಹಾಡುತ್ತಿದ್ದ. ಆವತ್ತು ಹಬ್ಬಕ್ಕೆ ಮೈಕು ತರಿಸಿದ್ದರು. ಧೂಳು ಏಳಬಾರದು ಅಂತ ಅಂಗಳಕ್ಕೆ ಕೊಡಗಟ್ಟಲೆ ನೀರು ಹೊಡೆದಿದ್ದರು. ನಾನು ಒಲೆ ಮುಂದೆ ಕೂತಿದ್ದೆ. ಬಾಜೂ ಗುಡಿಸಲಿನ ಅಕ್ಕು ಎದೆ ಬಡಕೊಂತ ಓಡಿ ಬಂದಳು.

"ಭೀಮವ್ವಾ, ನಿನ್ನ ಗಂಡನ್ನ ಸಂಕಪ್ಪ ಕೊಂದ್ನವ್ವೋ!"

"ಯಾವ ಸಂಕಪ್ಪ?"

"ಮೈಕಿನವ!"

ಕೈಯಲ್ಲಿದ್ದ ಊದುಗೊಳವಿ ಹಿಡಕೊಂಡೇ ಓಡಿದೆ. ಅಂಬಾರಾಯ ಮೈಕಿನ ಕೋಲು ಅಪ್ಪಿಕೊಂಡು ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು. ಅಂಗೈ ಸುಟ್ಟು ಕರಕಾಗಿತ್ತು. ಆಚೆ ಕಡೆ ಗಂಡಸರೆಲ್ಲ ಒಬ್ಬನನ್ನು ನೆಲಕ್ಕೆ ಕೆಡವಿ ತುಳಿಯುತ್ತಿದ್ದರು. ತುಳಿಸಿಕೊಳ್ಳುತ್ತಲೇ ಅವನು ಒದರುತ್ತಿದ್ದ:

"ಹೊಡೀರಿ, ಸಾಯಿಸ್ರಿ, ಆದರ ಮೊದಲ ಮೇನ್ ಬಂದ್ ಮಾಡ್ರೋ! ಇನ್ನಾ ಕರೆಂಟ್ ಅದ! ಅವನ್ನ ಮುಟ್ಟಬ್ಯಾಡ್ರಿ!"

ಯಾರೂ ಕೇಳಲಿಲ್ಲ. ನನ್ನ ಗಂಡನನ್ನು ಎತ್ತಲು ಹೋದ ಮುದುಕನೊಬ್ಬ ಕರೆಂಟು ಜಾಡಿಸಿ ದೂರ ಬಿದ್ದ ಮೇಲೆ ಯಾರೋ ಸ್ವಿಚ್ಚು ಎಳೆದರು. ನಾನು ಕೈಯಲ್ಲಿದ್ದ ಕಬ್ಬಿಣದ ಊದುಗೊಳವಿ ಎತ್ತಿ ಸಂಕಪ್ಪನ ಎಡಗಿವಿಯ ಮೇಲೆ ಹೊಡೆದೆ. ಇನ್ನೊಮ್ಮೆ ಹೊಡೆದೆ. ರಕ್ತ ಕುತ್ತಿಗೆಗುಂಟ ಹರಿಯಿತು. ಕೈ ಅಡ್ಡ ಹಿಡಿಯಲಿಲ್ಲ ಅವನು.

ಆದದ್ದು ಇಷ್ಟು. ಮೈಕಿನ ಪೆಟ್ಟಿಗೆಯಿಂದ ಒಂದು ವಾಯರು ತಂದು, ಕುಣಿ ತೋಡಿ ನೆಲದಲ್ಲಿ ಹುಗಿದ ಕಬ್ಬಿಣದ ಸಳಿಗೆ ಕಟ್ಟುತ್ತಾರೆ. ಕರೆಂಟು ಎಲ್ಲಿಯಾದರೂ ಸೋರಿದರೆ ಮನುಷ್ಯನ ಮೈಗೆ ಹತ್ತದೆ ಮಣ್ಣಿಗೆ ಇಳಿದುಹೋಗಲಿ ಅಂತ. ಆದರೆ ಒಮ್ಮೊಮ್ಮೆ ಆ ವಾಯರಿನಿಂದಲೇ ಸ್ಪೀಕರು ಗುಂಯ್ ಅನ್ನುತ್ತದೆ. ಆವತ್ತೂ ಅಂದಿತು. "ಏನಪಾ, ಡಬ್ಬಿಯಾಗ ಜೇನು ಸಾಕೀಯೇನು?" ಅಂತ ನಮ್ಮ ಮಂದಿಯೇ ಕಾಡಿದರು. ಸಂಕಪ್ಪ ಸಿಟ್ಟಿಗೆದ್ದು ವಾಯರು ಕಿತ್ತ. ಗುಂಯ್ ನಿಂತಿತು, ಮಂದಿ ಚಪ್ಪಾಳೆ ಹೊಡೆದರು. ಅಂಬಾರಾಯ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೈಕು ಹಿಡಿದ. ಇದನ್ನೆಲ್ಲ ಪೊಲೀಸರ ಮುಂದೆ ಹೇಳಿದವನು ಸಂಕಪ್ಪನೇ. ಯಾರೂ ಕೇಳುವ ಮೊದಲೇ, "ವಾಯರ್ ಕಿತ್ತಾಂವ ನಾನ ರೀ" ಅಂದನಂತೆ.

ಜೇಲಿನಿಂದ ಬಿಟ್ಟ ಮೇಲೆ ನನ್ನ ಬಾಗಿಲಿಗೆ ಬಂದ. ಗಿಡ್ಡ ಆಳು, ಗೂಳಿಯಂಥ ಕುತ್ತಿಗೆ. ನಾನು ಮಾತಾಡುವಾಗ ಬಲಗಿವಿ ಮುಂದೆ ಮಾಡಿದ. ಎಡಗಡೆಯದು ಸತ್ತಿತ್ತು.

"ಯಾಕ ಬಂದಿ? ಕೊಲ್ಲಾಕ ನಾನೊಬ್ಬಾಕಿ ಉಳಿದೀನಂತೇನು?"

"ನನ್ನ ಕಡೆ ಕೆಲಸದ ಮಂದಿ ಹೆಚ್ಚಾಗ್ಯಾರ್ರಿ. ರೊಟ್ಟಿ ಬಡಿಯವರು ಬೇಕಾಗ್ಯಾರ."

"ರೊಟ್ಟಿಯಾಗ ವಿಷ ಹಾಕ್ತೀನಿ."

"ಹಾಕ್ರಿ. ನನ್ನ ತಾಟಿಗಷ್ಟ ಹಾಕ್ರಿ. ಉಳಿದವರು ಹೆಂಡರು ಮಕ್ಕಳು ಇದ್ದವರು."

ಬಾಗಿಲು ಹಾಕಿಕೊಂಡೆ. ಆದರೆ ಸಿಮೆಂಟಿನ ಪುಟ್ಟಿ ಹೊತ್ತು ಹೊತ್ತು ನನ್ನ ಹೆಗಲು ಹೋಗಿತ್ತು. ಮಳೆಗಾಲ ಮುಗಿಯುವುದರೊಳಗೆ ಅವನ ಗೋದಾಮಿನ ಹಿಂದೆ ಒಲೆ ಹೂಡಿದೆ. ಎಲ್ಲರ ಎದುರಿಗೇ ಅವನನ್ನು ಕೊಲೆಗಡುಕ ಅಂತ ಕರೆಯುತ್ತಿದ್ದೆ. "ಏ ಕೊಲೆಗಡುಕಾ, ಉಣ್ಣಾಕ ಬಾ." "ಬಂದೆ ರೀ." ಹೊಸದಾಗಿ ಸೇರಿದವರು ತುತ್ತು ಬಾಯಲ್ಲಿಟ್ಟುಕೊಂಡೇ ಗಾಬರಿಯಾಗುತ್ತಿದ್ದರು. ಅವನು ಮಾಫಿ ಕೇಳಲಿಲ್ಲ. ನಾನು ಕೊಡಲೂ ಇಲ್ಲ.

ಸಂಕಪ್ಪ ಹುಟ್ಟಿ ಬೆಳೆದದ್ದು ದೌಂಡದಲ್ಲಿ. ಅಪ್ಪ ರೇಲ್ವೆ ಹಳಿ ಕೆಲಸದವನು, ಕುಡಿದು ಬೆಲ್ಟು ಬಿಚ್ಚುವವನು. ಆ ಬೆಲ್ಟು ಮಗನ ಕೈಗೂ ಬಂದಿತ್ತು. ಹೆಂಡತಿ ಸುಲಭಾ ಒಂದು ದಿವಸ ಒಡೆದ ತುಟಿ ಸೆರಗಿನಿಂದ ಮುಚ್ಚಿಕೊಂಡು ತವರಿಗೆ ಹೋದಾಕೆ ತಿರುಗಿ ಬರಲಿಲ್ಲ. ಬರದೆ ಇದ್ದದ್ದು ಒಳ್ಳೇದಾಯಿತು ಅಂತ ಅವನ ಮುಖಕ್ಕೇ ಅಂದೆ. "ಹೌದ್ರಿ" ಅಂದ. ಸತ್ತವರನ್ನು ಹೊಗಳಬೇಕು ಅಂತಾರೆ. ನನ್ನಿಂದ ಆಗುವುದಿಲ್ಲ.

ಪುಣೆಯಲ್ಲಿ ಆಗ ಚಳಿಗಾಲಕ್ಕೆ ಊರ ತುಂಬ ಒಂದು ಕಲೆಯ ಹಬ್ಬ ನಡೆಯುತ್ತಿತ್ತು. ಒಂದೇ ಸಂಜೆ ಕೋಥರೂಡದಲ್ಲಿ ನಾಟಕ, ನದಿ ದಂಡೆಗೆ ಸಿತಾರ, ತೋಟದಲ್ಲಿ ಕವಿಗಳು, ವಿಮಾನ ನಗರದಲ್ಲಿ ಕುಣಿತ. ಎಲ್ಲ ಕಡೆಯ ಮೈಕೂ ಸಂಕಪ್ಪನದೇ. ಒಂದೊಂದು ಜಾಗಕ್ಕೆ ಒಬ್ಬೊಬ್ಬನನ್ನು ಬಿಟ್ಟು, ತಾನು ಎಂ-ಏಟಿ ಗಾಡಿಯ ಮೇಲೆ ಇಡೀ ಊರು ಸುತ್ತುತ್ತಿದ್ದ. ಹೋದ ಕಡೆ ಮೊದಲು ಸ್ಟೇಜು ನೋಡುತ್ತಿರಲಿಲ್ಲ, ಕುಣಿ ನೋಡುತ್ತಿದ್ದ. ಸಳಿ ಹುಗಿದ ಕುಣಿಗೆ ನೀರು ಸುರಿದು, ವಾಯರು ಜಗ್ಗಿ ನೋಡಿ, ಆಮೇಲೆಯೇ "ಹಾಂ, ಚಾಲೂ ಮಾಡ್ರಿ" ಅನ್ನುತ್ತಿದ್ದ. ಗುಂಯ್ ಅಂದರೆ ಅನ್ನಲಿ, ಅದನ್ನು ಬೇರೆ ಹಾದಿಯಿಂದ ನಿಲ್ಲಿಸಬೇಕು. ಬೆಳತನಕ ಕೂತರೂ ಸರಿ.

ಒಂದು ವರ್ಷ ಅವನ ಬಲಗೈಯಂತಿದ್ದ ಏಕನಾಥ ಗಡಿಬಿಡಿಯಲ್ಲಿ ಒಂದು ಪ್ಲಗ್ಗಿನ ಮೂರನೇ ಪಿನ್ನು, ನೆಲದ ವಾಯರಿನದು, ಮುರಿದ. ಗೋಡೆಯಲ್ಲಿ ಎರಡೇ ತೂತಿದ್ದವು. ಸಂಕಪ್ಪ ಪಕ್ಕಡ ಕೈಗೆ ತಗೊಂಡ. ಅವನನ್ನು ಗೋಡೆಗೆ ಒತ್ತಿ ಹಿಡಿದು, ಕಿರುಬೆರಳನ್ನು ಪಕ್ಕಡದ ಬಾಯಿಗೆ ಕೊಟ್ಟ.

"ಇದೂ ಹೆಚ್ಚಿಂದ ಅಲ್ಲೇನಲೇ? ಇದು ಇಲ್ಲಂದ್ರೂ ಕೈ ನಡೀತದಲ್ಲ?"

"ಮಾಲಕ, ಚುಕಲಂ, ಚುಕಲಂ!" ತಪ್ಪಾಯಿತು ಅಂತ ಏಕನಾಥ ಮರಾಠಿಯಲ್ಲಿ ಚೀರಿದ. ಎಲುಬು ಮುರಿದ ಸಪ್ಪಳ ನಾನು ಒಲೆ ಹತ್ತಿರ ಕೂತು ಕೇಳಿದೆ. ಅರಿಷಿಣ ಬಿಸಿ ಮಾಡಿ ಕಟ್ಟಿದವಳೂ ನಾನೇ. "ಈ ಮನುಷ್ಯಾ ಹುಚ್ಚ ಅದಾನ ಮಾವಶಿ" ಅಂದ ಏಕನಾಥ. ಆದರೂ ಬಿಟ್ಟು ಹೋಗಲಿಲ್ಲ. ಬೇರೆಯವರ ಮೈಕು ಮುಟ್ಟಲು ತನಗೆ ಈಗ ಅಂಜಿಕೆ ಅಂತ ಆಮೇಲೆ ನನ್ನ ಮುಂದೆ ಹೇಳಿದ.

ಎರಡು ಸಾವಿರದ ನಾಲ್ಕರ ಹಬ್ಬ. ವಿಮಾನ ನಗರದಲ್ಲಿ ಒಂದು ಆಫೀಸಿನ ಮುಂದಿನ ಹುಲ್ಲಿನ ಮೇಲೆ ಸ್ಟೇಜು ಹಾಕಿದ್ದರು. ನಾನು ಊಟದ ಬುಟ್ಟಿ ತಗೊಂಡು ಏಕನಾಥನ ಟೆಂಪೋದಲ್ಲಿ ಸಂಜೆ ಹೊತ್ತಿಗೆ ಹೋದೆ. ಮಾಲಿ ಮಧ್ಯಾಹ್ನವೆಲ್ಲ ನೀರಿನ ಪೈಪು ಬಿಟ್ಟು ಮರೆತಿದ್ದನಂತೆ. ಹುಲ್ಲು ಕೆಸರಾಗಿತ್ತು, ಸ್ಟೇಜಿನ ಹಲಗೆಗಳು ತೊಯ್ದಿದ್ದವು. ಸೋನಾಲಿ ಅಂತ ಹುಡುಗಿ, ಕುಣಿಯುತ್ತ ಹಾಡುವಾಕೆ, ಗೆಜ್ಜೆ ಕಟ್ಟಿಕೊಂಡು ಬರಿಗಾಲಲ್ಲಿ ತಯಾರಾಗಿ ನಿಂತಿದ್ದಳು. ಮೈಕು ಕೈಯಲ್ಲೇ ಹಿಡಿಯಬೇಕು ಆಕೆ.

ಸ್ಪೀಕರು ಗುಂಯ್ ಅನ್ನುತ್ತಿತ್ತು. ಆ ಜಾಗದ ಉಸ್ತುವಾರಿ ದಿಗಂಬರ ಅನ್ನುವವನದು. ಬಿಳಿ ಅಂಗಿ, ಹಿಂದೆ ಬಡಿಗೆ ಹಿಡಿದ ಕಾವಲಿನವರು. ದೊಡ್ಡ ಮಂದಿ ಮುಂದಿನ ಕುರ್ಚಿಗಳಿಗೆ ಬಂದು ಕೂತಿದ್ದರು. ಸಂಕಪ್ಪ ಸ್ಟೇಜು ಒಣಗಲಿ ಅಂದ, ಇಲ್ಲಾ ಒಳಗಿನ ದೊಡ್ಡ ಕೋಣೆಯಲ್ಲಿ ಮಾಡ್ರಿ ಅಂದ. ದಿಗಂಬರ ನಕ್ಕು, ಕನ್ನಡದವ ಅಂತ ಹಂಗಿಸಿದ.

"ಏ ಕಾನಡ್ಯಾ, ನೀ ಹೇಳ್ದಂಗ ಹಬ್ಬಾ ಮಾಡಬೇಕೇನು? ಆ ವಾಯರ್ ಕಿತ್ತರ ಸಪ್ಪಳ ನಿಂದರತದಂತ ನನಗೂ ಗೊತ್ತದ. ಏಕನಾಥ, ಕೀಳೋ ಅದನ್ನ!"

ಏಕನಾಥ ತನ್ನ ಸೊಟ್ಟ ಬೆರಳು ಹಿಡಿದುಕೊಂಡು ಹಿಂದೆ ಸರಿದ. ದಿಗಂಬರ ತಾನೇ ಬಗ್ಗಿದ. ಅಷ್ಟರಲ್ಲಿ ಸಂಕಪ್ಪ ಜನರೇಟರಿನ ಪೆಟ್ಟಿಗೆಯಿಂದ ಫ್ಯೂಜು ಕಿತ್ತು ಜೇಬಿಗೆ ಹಾಕಿಕೊಂಡ. ದೀಪ, ಸಪ್ಪಳ ಎಲ್ಲ ಸತ್ತವು. ಕುರ್ಚಿಯವರು ಸೀಟಿ ಹೊಡೆದರು.

"ಫ್ಯೂಜ್ ಕೊಡಲೇ."

"ಕೊಡಂಗಿಲ್ಲ."

ಮೊದಲ ಬಡಿಗೆ ಅವನ ಮೊಣಕಾಲಿಗೆ ಬಿತ್ತು. ಸಂಕಪ್ಪ ಮೈಕಿನ ಕೋಲು ಎತ್ತಿ ಬೀಸಿದ. ಒಬ್ಬ ಕಾವಲಿನವನ ದವಡೆ ಹರಿದು ಹಲ್ಲು ಹುಲ್ಲಿನ ಮೇಲೆ ಬಿದ್ದವು. ಕೋಲಿನ ಕಬ್ಬಿಣದ ಬುಡದಿಂದ ದಿಗಂಬರನ ಹೆಗಲೆಲುಬು ಮುರಿದ. "ಬರ್ರಿ, ಬರ್ರಿ!" ಅಂತ ಕುಣಿಯ ಮೇಲೆ ಕಾಲಗಲಿಸಿ ನಿಂತು ಕರೆದ. ನನಗೆ ಆವತ್ತು ಅವನ ಮುಖ ನೋಡಿ ಹೆದರಿಕೆಯಾಯಿತು, ಅವನಿಗೆ ಹೊಡೆಯುವುದರಲ್ಲಿ ಸುಖವಿತ್ತು. ಎಡಗಡೆಯಿಂದ ಬಂದವನ ಸಪ್ಪಳ ಮಾತ್ರ ಅವನಿಗೆ ಕೇಳಲಿಲ್ಲ. ತಲೆಯ ಹಿಂದೆ ಏಟು ಬಿತ್ತು. ಬಿದ್ದ ಮೇಲೆ ಎಲ್ಲರೂ ಸೇರಿ ಹೊಟ್ಟೆಗೆ, ಎದೆಗೆ ಬೂಟುಗಾಲಿನಿಂದ ಒದ್ದರು. ಅವನು ಜೇಬಿನ ಮೇಲೆ ಕವುಚಿ ಮಲಗಿದ್ದ. ನಾನು ಬುಟ್ಟಿ ಬಿಸಾಕಿ ಅವನ ಮೇಲೆ ಬಿದ್ದೆ. ಎರಡು ಒದೆ ನನಗೂ ಬಿದ್ದವು. "ಮುದುಕಿ, ಮುದುಕಿ" ಅಂತ ಯಾರೋ ತಡೆದರು.

ಏಕನಾಥನೂ ನಾನೂ ಎಳೆದು ಟೆಂಪೋದಲ್ಲಿ ಹಾಕಿದೆವು. ಗೇಟಿನ ಹತ್ತಿರ ಮೋಟಾರುಗಳು ಅಡ್ಡ ನಿಂತಿದ್ದವು. ಏಕನಾಥ ಹಾರ್ನು ಬಾರಿಸುತ್ತ, ಬೈಯುತ್ತ ಕೂತ. ಸಂಕಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಬಾಯಿಯಿಂದ ಕರೀ ರಕ್ತ. ಹಿಂದೆ ದೀಪ ಹತ್ತಿದವು. ಫ್ಯೂಜಿನ ಜಾಗದಲ್ಲಿ ಬರೀ ತಾಮ್ರದ ತಂತಿ ಸುತ್ತಿ ಕೂಡಿಸಿದ್ದರು. "ಹಲೋ, ಹಲೋ" ಅಂತ ಮೈಕು ಒದರಿತು. ಕೊಳದ ನೀರಿನ ಹಾಗೆ ಸ್ವಚ್ಛ ದನಿ.

ಸಂಕಪ್ಪ ಬಲಗಿವಿ ಆ ಕಡೆ ತಿರುಗಿಸಿದ.

"ಗುಂಯ್ ಅನ್ನವಲ್ದು ಭೀಮವ್ವಾ. ಕಿತ್ತಾರ."

ದವಾಖಾನೆ ಮುಟ್ಟುವ ಮೊದಲೇ ಅವನ ಜೀವ ಹೋಯಿತು. ಹೋದಾಗ ಹತ್ತಿರ ನಾನಿರಲಿಲ್ಲ. ಟೆಂಪೋದಿಂದ ಇಳಿದು, ಕಾವಲಿನವರನ್ನು ನೂಕಿ, ಸ್ಟೇಜು ಹತ್ತಿ, ನನ್ನ ಹವಾಯಿ ಚಪ್ಪಲಿ ತೆಗೆದು ಆ ಹುಡುಗಿಯ ಗೆಜ್ಜೆಗಾಲಿನ ಮುಂದೆ ಇಟ್ಟಿದ್ದೆ. ಕುರ್ಚಿಯವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು. ಅವನ್ನು ಕಾಲಿನಿಂದ ಮೆಲ್ಲಗೆ ಸರಿಸಿ, ಮೈಕು ಹಿಡಿದು, ಕಡೆತನಕ ಕುಣಿದಳು. ಏನೂ ಆಗಲಿಲ್ಲ ಆಕೆಗೆ. ಹೊಡೆದವರು ಬಹಳ ಮಂದಿ, ಯಾರ ಏಟಿಗೆ ಸತ್ತ ಅಂತ ಪೊಲೀಸರಿಗೆ ಗೊತ್ತಾಗಲೇ ಇಲ್ಲ. ಸಂಕಪ್ಪ ಸುಮ್ಮಸುಮ್ಮನೆ ಸತ್ತ ಅಂತ ಏಕನಾಥ ಈಗಲೂ ಅನ್ನುತ್ತಾನೆ. ಇರಬಹುದು. ನನಗೆ ಗೊತ್ತಿಲ್ಲ. ಅಂಬಾರಾಯನಿಗೆ ಯಾರೂ ಹೇಳಿರಲಿಲ್ಲ ಅನ್ನುವುದಷ್ಟೇ ಗೊತ್ತು.

ನಾನು ಇಳಿಯುವ ಮೊದಲು ಟೆಂಪೋದಲ್ಲಿ ಸಂಕಪ್ಪ ನನ್ನ ಸೆರಗು ಜಗ್ಗಿ ಹಿಡಿದಿದ್ದ. ನಾನು ಅವನ ಬಾಯಿ ಒರಸುತ್ತಿದ್ದೆ, ಕೈ ಸರಿಸಿದ.

"ನನ್ನ ಬಿಡ್ರಿ. ಹೋಗಿ ಆ ಹುಡುಗಿಗೆ ಚಪ್ಪಲಿ ಹಾಕ್ಕೋ ಅನ್ರಿ."