ಹತ್ತು ಗಂಟೆ ಹತ್ತು ನಿಮಿಷದ ಕಾರ್ಡು

‘ಟಿಣ್.’ ಕಿವಿಗೆ ವಯಸ್ಸಾದರೂ ಕಿವಿಯೊಳಗೆ ಬಿಡಾರ ಹೂಡಿದ ಕೆಲವು ಸದ್ದುಗಳಿಗೆ ವಯಸ್ಸಾಗುವುದಿಲ್ಲ. ಕುಕ್ಕರಿನ ಮೂರನೆಯ ಸೀಟಿಯನ್ನು ಎರಡನೆಯದೆಂದು ತಿಳಿದು ಮನೆಯವರಿಗೆ ಮುದ್ದೆಯಾದ ಅನ್ನ ಬಡಿಸುವ ಈ ನನ್ನ ಕಿವಿಗೆ, ಸ್ಟೀಲ್ ಟ್ರೇಯ ಅಂಚಿಗೆ ಪುಟ್ಟ ಗಡಿಯಾರವೊಂದು ತಗುಲಿದಾಗ ಏಳುತ್ತಿದ್ದ ಆ ‘ಟಿಣ್’ ಮಾತ್ರ ಇವತ್ತಿಗೂ ಸ್ಫುಟವಾಗಿ ಕೇಳಿಸುತ್ತದೆ.

ಇಂದು ಬೆಳಿಗ್ಗೆ ಅದು ಕೇಳಿಸಲು ಕಾರಣವಾದದ್ದು ನನ್ನದೇ ಬಲಮೊಣಕಾಲು. ಮೇಜಿನ ಡ್ರಾಯರ್ ಚೊಕ್ಕಟ ಮಾಡುತ್ತಿದ್ದಾಗ ಹಳೆಯ ಎಕ್ಸ್‌ರೇ ಫಿಲ್ಮೊಂದು ಸಿಕ್ಕಿತು. ಬೆಳಕಿಗೆ ಹಿಡಿದರೆ ಮಂಡಿಚಿಪ್ಪಿನ ಸುತ್ತ ವರ್ತುಲಾಕಾರವಾಗಿ ಕೊರೆದ ಹನ್ನೆರಡು ಅಂಕಿಗಳು, ಆ ಅಂಕಿಗಳ ಕಿಂಡಿಯೊಳಗಿಂದ ಇಣುಕುವ ಚಿತ್ರದುರ್ಗದ ಬಿಸಿಲು. ಮೂಳೆಯೊಳಗೆ ಕಾಲ ಕೂತುಬಿಟ್ಟಿದೆ ಎಂದು ನನ್ನ ಮೂಳೆ ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ನಾನು ಕತ್ತರಿಯಲ್ಲಿ ಮಾಡಿ ತೋರಿಸಿದ್ದೆ, ಅಷ್ಟೆ. ಅದು ನನ್ನ ಸ್ಟೆನ್ಸಿಲ್. ಕಳೆದ ಹೊಸ ವರ್ಷಕ್ಕೆ ನಾನೇ ಕೈಯಾರೆ ಮಾಡಿದ ಗಡಿಯಾರದ ಗ್ರೀಟಿಂಗ್ ಕಾರ್ಡಿನ ತಾಯಿ.

ಗ್ರೀಟಿಂಗ್ ಕಾರ್ಡೆಂದರೆ ಈಗಿನವರು ನನ್ನನ್ನೇ ಮ್ಯೂಸಿಯಮ್ಮಿನ ವಸ್ತುವಿನಂತೆ ನೋಡುತ್ತಾರೆ. ಶುಭಾಶಯಗಳು ಈಗ ಅಂಚೆಯಣ್ಣನ ಚೀಲದಲ್ಲಿ ಬರುವುದಿಲ್ಲ. ಮೊಬೈಲಿನಲ್ಲಿ ಪ್ರವಾಹೋಪಾದಿಯಲ್ಲಿ ಹರಿದು ಬಂದು, ಓದುವ ಮೊದಲೇ ಇನ್ನೊಬ್ಬರ ಮನೆಗೆ ನುಗ್ಗುತ್ತವೆ. ನಮ್ಮ ಕಾನ್ವೆಂಟಿನಲ್ಲಿ ಹಾಗಿರಲಿಲ್ಲ. ಡಿಸೆಂಬರ್ ಬಂತೆಂದರೆ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಸಿಸ್ಟರ್ ನಮಗೆಲ್ಲ ಅರ್ಧರ್ಧ ಆಲೂಗಡ್ಡೆ ಹಂಚಿ, ಅದರ ಮುಖದಲ್ಲಿ ನಕ್ಷತ್ರ ಕೊರೆಯಲು ಹೇಳಿ, ಬಣ್ಣದಲ್ಲಿ ಅದ್ದಿ ಅಚ್ಚೊತ್ತಿಸುತ್ತಿದ್ದರು. ಇಡೀ ಕ್ಲಾಸು ನಕ್ಷತ್ರ ಕೊರೆಯುತ್ತಿದ್ದಾಗ ನನ್ನ ಪಕ್ಕದ ಹುಡುಗಿಯೊಬ್ಬಳು ಮಾತ್ರ ಒಂದು ಗೆರೆ, ಅದರ ಮೇಲೊಂದು ಬೊಟ್ಟು, ಇಷ್ಟನ್ನೇ ಕೊರೆದು ಕೆಂಪು ಬಣ್ಣದಲ್ಲಿ ಒತ್ತಿದಳು. ಸಿಸ್ಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ವೆರಿ ಮಾಡರ್ನ್” ಎಂದು ಮೆಚ್ಚಿದರು. ಅದು ಮಾಡರ್ನ್ ಅಲ್ಲ. ಧರ್ಮಪುರದ ಕಡೆಯ ಅವಳಪ್ಪ ತಮ್ಮ ಕುರಿಗಳು ಬೇರೆ ಮಂದೆಗೆ ಸೇರಿಹೋಗದಿರಲೆಂದು ಅವುಗಳ ಬೆನ್ನಿಗೆ ಬಳಿಯುತ್ತಿದ್ದ ಗುರುತು.

ಆ ಹುಡುಗಿ ಈರಮ್ಮ, ನನ್ನ ಈರಿ. ಹಾಸ್ಟೆಲ್ಲಿನಲ್ಲಿದ್ದು ಓದಿದವಳು. ಅಂದಿನಿಂದ ಪ್ರತಿ ಹೊಸ ವರ್ಷಕ್ಕೂ ನಾನವಳಿಗೆ, ಅವಳು ನನಗೆ, ಅಂಗೈ ಅಗಲದ ಒಂದು ಕಾರ್ಡು. ಅಂಗಡಿಯದಲ್ಲ, ಕೈಯಲ್ಲಿ ಮಾಡಿದ್ದು. ನನ್ನ ಕಾರ್ಡುಗಳಲ್ಲಿ ಇಂಗ್ಲಿಷ್ ಪದ್ಯಗಳು ತುಳುಕುತ್ತಿದ್ದವು. ಅವಳದರಲ್ಲಿ ಒಂದು ಗೆರೆ, ಒಂದು ಬೊಟ್ಟು, ಕೆಳಗೆ ‘ಸುಶಿಗೆ’. ಪೊಯೆಟ್ರಿ ಯಾವುದೆಂದು ಈಗ ಗೊತ್ತಾಗುತ್ತಿದೆ.

ಮುಂದೆ ಅವಳು ನರ್ಸಿಂಗ್ ಟ್ರೈನಿಂಗಿಗೆ ಸೇರಿದಳು. ರಜೆಗೆ ಬಂದಾಗಲೆಲ್ಲ ನನ್ನ ಕೈಯೇ ಅವಳ ಪ್ರಯೋಗಶಾಲೆ. ಎದೆಯ ಮೇಲೆ ಪಿನ್ನು ಹಾಕಿ ನೇತುಬಿಟ್ಟ ಪುಟ್ಟ ಗಡಿಯಾರವನ್ನು ತಲೆ ತಗ್ಗಿಸಿ ನೋಡುತ್ತ, ತುಟಿಯಲ್ಲೇ ಎಣಿಸುತ್ತ, ನನ್ನ ನಾಡಿ ಹಿಡಿಯುವಳು. ಅವಳ ಆ ಗಾಂಭೀರ್ಯ ಕಂಡರೆ ನನಗೆ ತಡೆಯಲಾರದ ನಗು. ಅವಳು ತಲೆಯೆತ್ತದೆಯೇ ಗದರುವಳು: “ನಗಬ್ಯಾಡ ಕಣೇ ಸುಶಿ, ಲೆಕ್ಕ ತಪ್ಪೋಗ್ತೈತೆ!” ಗಡಿಯಾರವನ್ನೇಕೆ ತಲೆಕೆಳಗಾಗಿ ನೇತುಹಾಕಿಕೊಂಡಿದ್ದೀಯ ಎಂದು ಒಮ್ಮೆ ಕೇಳಿದ್ದಕ್ಕೆ, “ನಿಂಗ್ ತೋರ್ಸಾಕಲ್ಲ, ನಾನ್ ನೋಡ್ಕಳಾಕೆ” ಎಂದಿದ್ದಳು. ನಮ್ಮ ಮನೆಯ ಕಾಫಿಯ ಸ್ಟೀಲ್ ಟ್ರೇಯ ಮೇಲೆ ಅವಳು ಬಾಗಿದಾಗಲೆಲ್ಲ ಆ ಗಡಿಯಾರವೂ ಬಾಗಿ, ಅಂಚಿಗೆ ತಗುಲಿ, ಟಿಣ್.

ಕಳೆದ ಡಿಸೆಂಬರಿನಲ್ಲಿ ಹಿರಿಯೂರಿನಿಂದ ಮಂಜುಳಾ ಫೋನ್ ಮಾಡಿದಳು. ಮಂಜುಳಾ ಈರಿಯ ತಮ್ಮನ ಮಗಳು. ಮದುವೆಯಾಗದೆ ಉಳಿದ ಈರಿ ರಿಟೈರ್ ಆದ ಮೇಲೆ ಇದ್ದದ್ದು ಇವಳ ಮನೆಯಲ್ಲೇ.

“ಆಂಟಿ, ಅತ್ತೆಗೆ ಮರವು ಭಾಳ ಆಗೈತೆ. ನನ್ನೇ ‘ಯಾವ ವಾರ್ಡಮ್ಮ ನೀನು’ ಅಂತಾರೆ. ಹೊತ್ತು ಇಳೀತು ಅಂದ್ರೆ ಡ್ಯೂಟಿಗೆ ಲೇಟಾತು ಅಂತ ಚಪ್ಪಲಿ ಮೆಟ್ಕಂಡು ಹೊಂಡ್ತಾರೆ. ಟೈಮೆಷ್ಟು ಟೈಮೆಷ್ಟು ಅಂತ ಒಂದೇ ಸಮ. ನಿಮ್ಮನ್ನಾದ್ರೂ ಗುರ್ತು ಹಿಡೀತಾರೇನೋ, ಒಂದ್ಸಲ ಬಂದೋಗ್ರಿ.”

ಫೋನಿಟ್ಟ ಮೇಲೆ ನನಗೊಂದು ಸ್ವಾರ್ಥದ ಭಯ ಹತ್ತಿತು. ನನ್ನ ಯಜಮಾನರಿಗೆ ನಾನು ‘ಏನೇ’, ಮಕ್ಕಳಿಗೆ ಅಮ್ಮ, ಬ್ಯಾಂಕಿನವರಿಗೆ ಸುಶೀಲಾ ಮೇಡಂ. ಎರಡು ಜಡೆಯ, ಕಾರಣವಿಲ್ಲದೆ ನಗುವ ಸುಶಿ ಎಂಬ ಹುಡುಗಿಗೆ ಭೂಮಿಯ ಮೇಲೆ ಉಳಿದಿದ್ದ ಒಂದೇ ಅಡ್ರೆಸ್ ಈರಿಯ ನೆನಪು. ಅದೂ ಅಳಿಸಿಹೋದರೆ ಅವಳನ್ನು ಎಲ್ಲಿ ಹುಡುಕಲಿ? ಈರಿ ಒಮ್ಮೆ, ಒಂದೇ ಒಂದು ಸಲ, ನನ್ನ ಹೆಸರು ಹಿಡಿದು ಕರೆಯಬೇಕು. ಅದಕ್ಕೊಂದು ಕಾರ್ಡು ಮಾಡಬೇಕು. ಟೈಮು ಕೇಳುತ್ತಾಳಲ್ಲ, ಗಡಿಯಾರದ್ದೇ ಮಾಡೋಣ. ಒಳಗೆ ಆ ಗೆರೆ, ಆ ಬೊಟ್ಟು ಕೆಂಪಾಗಿ ಒತ್ತೋಣ. ಯಾವ ಮಂದೆಯಲ್ಲಿ ತಪ್ಪಿಸಿಕೊಂಡ ಕುರಿಯಾದರೂ ಆ ಗುರುತಿಗೆ ತಿರುಗಿ ನೋಡೀತು ಎಂಬುದು ನನ್ನ ಲೆಕ್ಕ.

ಲೆಕ್ಕ ಸುಲಭ, ಕಸುಬು ಕಷ್ಟ. ಎಕ್ಸ್‌ರೇ ಫಿಲ್ಮು ಸ್ಟೆನ್ಸಿಲ್ಲಿಗೆ ಹೇಳಿ ಮಾಡಿಸಿದ ವಸ್ತು. ಆದರೆ ಆರು, ಎಂಟು, ಒಂಬತ್ತುಗಳ ಹೊಟ್ಟೆಯಿದೆಯಲ್ಲ, ಅದನ್ನು ಹಿಡಿದಿಡಲು ಸಣ್ಣದೊಂದು ಸೇತುವೆ ಬಿಡದೆ ಕತ್ತರಿಸಿದರೆ ಹೊಟ್ಟೆಯೇ ಕಳಚಿ ಬಿದ್ದು, ಎಂಟು ಎಂಬುದು ಎರಡು ತೂತಾಗಿ ಉಳಿಯುತ್ತದೆ. ಎರಡು ಸಲ ಹಾಗಾಯಿತು. ಹೀಗಾಗಿ ನನ್ನ ಎಡಮೊಣಕಾಲು ಪೂರ್ತಿ ವ್ಯರ್ಥವಾಗಿ, ಬಲಮೊಣಕಾಲಿಗೆ ಕೈ ಹಾಕಬೇಕಾಯಿತು. ಸ್ಪಂಜಿನ ಚೂರಿನಿಂದ ನೀಲಿ ಬಣ್ಣ ತಟ್ಟಿ ಅಂಕಿಗಳನ್ನು ಮೂಡಿಸಿ, ಬೆಂಡೆಕಾಯಿ ಅಡ್ಡ ಕೊಯ್ದು ಸುತ್ತಲೂ ಅಚ್ಚೊತ್ತಿದೆ. ಬೆಂಡೆಕಾಯಿಯ ಅಡ್ಡಕೊಯ್ತ ಗಡಿಯಾರದ ಹಲ್ಲುಚಕ್ರವನ್ನು ಎಷ್ಟು ಹೋಲುತ್ತದೆಂದರೆ, ಸೃಷ್ಟಿಕರ್ತ ಪೂರ್ವಾಶ್ರಮದಲ್ಲಿ ವಾಚ್ ರಿಪೇರಿ ಮಾಡುತ್ತಿದ್ದಿರಬೇಕು ಎನಿಸಿತು.

ಯಜಮಾನರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಏನೇ ಇದು, ಹಪ್ಪಳ ಒಣಗ್ಹಾಕಿದೀಯಾ? ಅದ್ಕೆ ಬೆಂಡೆಕಾಯಿ ಬ್ಯಾರೆ!”

“ಇದು ಕ್ಲಾಕ್ ಕಣ್ರೀ. ಕಣ್ಣು ಟೆಸ್ಟ್ ಮಾಡಿಸ್ಕೊಳ್ರಿ.”

“ಮಾಡಸ್ಕಂತೀನಿ ತಗಾ. ಸಾರಿಗೆ ಒಂದೆಲ್ಡು ಬೆಂಡೆಕಾಯಿ ಉಳಸು ಮಹರಾಯ್ತಿ.”

ಮುಳ್ಳುಗಳನ್ನು ಎಷ್ಟು ಗಂಟೆಗೆ ಇಡಬೇಕೆಂಬುದು ಮುಂದಿನ ಜಿಜ್ಞಾಸೆ. ಹೊಸ ವರ್ಷದ ಕಾರ್ಡುಗಳಲ್ಲಿ ಎರಡೂ ಮುಳ್ಳುಗಳು ಹನ್ನೆರಡರ ಮೇಲೆ ಕೈ ಮುಗಿದು ನಿಂತಿರುತ್ತವೆ. ನನಗದು ಶವದ ಮುಂದೆ ನಿಂತಂತೆ ಕಾಣುತ್ತದೆ. ವಾಚಿನ ಅಂಗಡಿಯವರು ಹತ್ತು ಗಂಟೆ ಹತ್ತು ನಿಮಿಷಕ್ಕೇ ನಿಲ್ಲಿಸಿರುತ್ತಾರೆ, ನೋಡಿದ್ದೀರಲ್ಲ, ಎರಡೂ ಮುಳ್ಳುಗಳು ಮೇಲೆದ್ದು ಗಡಿಯಾರದ ಮುಖವೇ ನಕ್ಕಂತೆ. ನನ್ನ ಗಡಿಯಾರವೂ ನಗಲಿ ಎಂದು ಕಪ್ಪು ಕಾಗದದ ಮುಳ್ಳುಗಳನ್ನು ಹಾಗೇ ಅಂಟಿಸಿದೆ. ಪರ್ಫೆಕ್ಟ್! ಬಣ್ಣ ಒಣಗಿದ ಮೇಲೆ ಹಾಳೆಯನ್ನು ನಡುವಿಗೆ ಮಡಚಿ, ಒಳಗೆ ಕೆಂಪು ಗುರುತು ಒತ್ತಿ, ಮಡಿಕೆ ಮೇಲೆ ಬರುವಂತೆ ಪುಟ್ಟ ಗುಡಾರದ ಹಾಗೆ ಮೇಜಿನ ಮೇಲೆ ನಿಲ್ಲಿಸಿದೆ.

ಗಡಿಯಾರ ತಲೆಕೆಳಗಾಗಿ ನಿಂತಿತ್ತು.

ಹಾಳೆಯನ್ನು ಬಿಡಿಸಿಟ್ಟುಕೊಂಡು ಅಚ್ಚೊತ್ತುವಾಗ ಕೆಳಗಿನ ಅರ್ಧದಲ್ಲಿ ಒತ್ತಬೇಕಿತ್ತು. ನಾನು ಮೇಲಿನರ್ಧದಲ್ಲಿ ಒತ್ತಿದ್ದೆ. ಮಡಚಿದಾಗ ಮೇಲರ್ಧ ಮಗುಚಿಕೊಳ್ಳುತ್ತದೆಂಬ, ಕಾರ್ಡು ಮಾಡುವ ಯಾವ ಶಾಲೆಯ ಮಗುವಿಗೂ ತಿಳಿದ ಸಂಗತಿ ಕಾನ್ವೆಂಟಿನ ಕ್ರಾಫ್ಟ್ ಪ್ರೈಜ್ ಗೆದ್ದವಳಿಗೆ ಹೊಳೆದಿರಲಿಲ್ಲ. ಹನ್ನೆರಡು ಪಾತಾಳದಲ್ಲಿ, ಆರು ಆಕಾಶದಲ್ಲಿ; ನಗುತ್ತಿದ್ದ ಮುಳ್ಳುಗಳು ಕೆಳಕ್ಕೆ ಜೋತು, ಗಡಿಯಾರ ಅಳುಮೋರೆ ಹಾಕಿಕೊಂಡಿತ್ತು. ಕಾರ್ಡನ್ನು ತಿರುಗಿಸಿ ಮಡಿಕೆ ಕೆಳಗೆ ಮಾಡಿದರೆ ಗಡಿಯಾರವೇನೋ ನೆಟ್ಟಗಾಗುತ್ತಿತ್ತು. ಕಾರ್ಡು ಬಾಯಿ ಬಿಟ್ಟುಕೊಂಡು ಮಲಗಿಬಿಡುತ್ತಿತ್ತು. ಡ್ರಾಯಿಂಗ್ ಶೀಟು ಮುಗಿದಿತ್ತು, ಬೆರಳ ಗಂಟುಗಳು ಮುಷ್ಕರ ಹೂಡಿದ್ದವು, ಬೆಳಗಾದರೆ ಹೊಸ ವರ್ಷ. ಯಜಮಾನರು ಸಮಾಧಾನ ಹೇಳಿದರು: “ಹೋಗ್ಲಿ ಬಿಡೇ. ಇಷ್ಟು ವಯಸ್ಸಾದ್ಮ್ಯಾಲೆ ಯಾರ್ ಟೈಮ್ ತಾನೆ ನೆಟ್ಟಗೈತೆ?”

ಮರುದಿನ ಹಿರಿಯೂರಿನ ಬಸ್ಸಿನಲ್ಲಿ ಕಿಟಕಿಗೆ ಆತು ಕೂತೆ. ಗುಡ್ಡಗಳ ಮೇಲೆ ಕರೆಂಟು ತಯಾರಿಸುವ ಆ ಬಿಳಿಯ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಅಂಕಿಯೇ ಇಲ್ಲದ ಗಡಿಯಾರದಲ್ಲಿ ಮೂರು ಮುಳ್ಳುಗಳು ಒಂದರ ಹಿಂದೊಂದು ಓಡುವ ಹಾಗೆ, ಎಷ್ಟು ಗಂಟೆಯೆಂದು ಯಾರಿಗೂ ಹೇಳದೆ. ಈರಿಯ ತಲೆಯೊಳಗೂ ಈಗ ಹೀಗೆಯೇ ಇರಬಹುದೇ ಎನಿಸಿತು. ಸೆಂಟಿಮೆಂಟಲ್ ಆಗಬಾರದೆಂದು ಬ್ಯಾಗಿನಿಂದ ಕಾರ್ಡು ತೆಗೆದು ನೋಡಿದೆ; ಅದೂ ಅಳುತ್ತಲೇ ಇತ್ತು.

ಮಂಜುಳಾ ಬಾಗಿಲಲ್ಲೇ ಕಾದಿದ್ದಳು. “ಬರ್ರಿ ಆಂಟಿ, ಕುಂತ್ಕಳ್ರಿ. ಅತ್ತೆ, ಯಾರ್ ಬಂದವ್ರೆ ನೋಡ್ರಿ. ದುರ್ಗದ ಆಂಟಿ!”

ಈರಿ ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎದ್ದು ಹೊರಡುವವಳಂತೆ ಕೂತಿದ್ದಳು. ಬಿಳಿ ಸೀರೆ, ಕಾಲಲ್ಲಿ ಚಪ್ಪಲಿ. ನನ್ನನ್ನು ನೋಡಿದಳು, ಆಸ್ಪತ್ರೆಯ ಹೊಸಿಲಲ್ಲಿ ನಿಂತ ಅಪರಿಚಿತರನ್ನು ನೋಡುವ, ಕನಿಕರವಿರುವ ಆದರೆ ಗುರುತಿಲ್ಲದ ನೋಟ. “ಡಾಕ್ಟ್ರು ಇನ್ನೂ ಬಂದಿಲ್ಲ ಕಣಮ್ಮ” ಎಂದಳು. ನಾನು ಕಾರ್ಡಿನ ಒಳಪುಟ ಬಿಡಿಸಿ, ಕೆಂಪು ಗೆರೆಯನ್ನೂ ಬೊಟ್ಟನ್ನೂ ಅವಳ ಕಣ್ಣ ಮುಂದೆ ಹಿಡಿದೆ. ಕಣ್ಣು ಅದರ ಮೇಲೆ ಹಾದು, ನಿಲ್ಲದೆ, ಗೋಡೆಗೆ ಹೋಯಿತು. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಸುಶಿ ಎಂಬುವಳು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನ್ನ ಹೊರತು.

ಆಗ ನೋಡಿದೆ: ಅವಳ ಬಲಗೈ ಸೀರೆಯ ಸೆರಗಿನ ಮೇಲೆ, ಎಡ ಎದೆಯ ಹತ್ತಿರ, ಮತ್ತೆ ಮತ್ತೆ ಏನನ್ನೋ ತಡಕುತ್ತಿತ್ತು. “ದಿನಾ ಹಿಂಗೇ ಆಂಟಿ, ಎದೆ ನೋವೇನೋ ಅಂತ ಇಸಿಜಿನೂ ತೆಗಿಸ್ದೆ. ಏನೂ ಇಲ್ಲ ಅಂದ್ರು” ಎಂದಳು ಮಂಜುಳಾ. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕೈ ನನ್ನ ಕೈಯಿಂದ ಕಾರ್ಡನ್ನು ತೆಗೆದುಕೊಂಡಿತು. ಮಡಚಿತು. ಎದೆಯ ಮೇಲೆ ಇಟ್ಟುಕೊಂಡಿತು. ಇನ್ನೊಂದು ಕೈ ಮಂಜುಳಾಳ ಕಡೆ ಚಾಚಿ, “ಪಿನ್ ಕೊಡು” ಎಂದು ಬೆರಳಾಡಿಸಿತು. ಮಂಜುಳಾ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ನುಗಳಲ್ಲಿ ಒಂದನ್ನು ಬಿಚ್ಚಿ ಕೊಟ್ಟಳು. ಮಡಿಕೆಯ ಮೂಲಕ ಪಿನ್ನು ಚುಚ್ಚಿ, ಸೆರಗಿಗೆ ಭದ್ರಪಡಿಸಿ, ಈರಿ ತಲೆ ತಗ್ಗಿಸಿ ನೋಡಿಕೊಂಡಳು. ನಮ್ಮ ಕಡೆಗೆ ಗಡಿಯಾರ ತಲೆಕೆಳಗಾಗಿ ಅಳುತ್ತಿತ್ತು. ಅವಳ ಕಡೆಗೆ ನೆಟ್ಟಗಿತ್ತು. ಹತ್ತು ಗಂಟೆ ಹತ್ತು ನಿಮಿಷಕ್ಕೆ ನಗುತ್ತಿತ್ತು.

ಅವಳು ಕುರ್ಚಿಗೆ ಪೂರ್ತಿ ಒರಗಿ ಕೂತಳು. ಎಷ್ಟೋ ದಿನಗಳ ಮೇಲೆ ಅತ್ತೆ ಹಾಗೆ ಕೂತದ್ದೆಂದು ಮಂಜುಳಾ ಆಮೇಲೆ ಹೇಳಿದಳು. ಡ್ಯೂಟಿಗೆ ಹೊರಡಬೇಕಿರಲಿಲ್ಲ, ಡ್ಯೂಟಿಯಲ್ಲೇ ಇದ್ದಳಲ್ಲ! ಮತ್ತೆ ನನ್ನತ್ತ ತಿರುಗಿ, ಕೇಳದೆಯೇ ನನ್ನ ಮಣಿಕಟ್ಟನ್ನು ಎಳೆದುಕೊಂಡು ಮೂರು ಬೆರಳು ಊರಿದಳು. ತಲೆ ತಗ್ಗಿತು. ತುಟಿ ಎಣಿಸತೊಡಗಿತು. ಓಡದ ಮುಳ್ಳುಗಳನ್ನು ನೋಡುತ್ತ ಓಡುವ ನಾಡಿಯನ್ನು ಅವಳು ಹೇಗೆ ಅಳೆದಳೋ ಕಾಣೆ. ನನ್ನ ಭುಜ ಕುಲುಕಿತು.

ತಲೆಯೆತ್ತದೆಯೇ ಈರಿ ಗದರಿದಳು: “ನಗಬ್ಯಾಡ ಕಣೇ. ಲೆಕ್ಕ ತಪ್ಪೋಗ್ತೈತೆ.”

ನಾನು ನಗುತ್ತಿರಲಿಲ್ಲ.

ಹೆಸರು ಬರಲಿಲ್ಲ. ಆದರೆ ಅವಳ ಇಡೀ ಸರ್ವೀಸಿನಲ್ಲಿ ನಾಡಿ ಹಿಡಿಸಿಕೊಂಡು ನಕ್ಕ ಪೇಷೆಂಟು ಇನ್ನೊಬ್ಬರಿರಲಾರರು. ಒಂದಷ್ಟು ಹೊತ್ತಿಗೆ ಕೈ ಬಿಟ್ಟು, “ಚಲೋ ಐತೆ. ಗಾಬ್ರಿ ಏನಿಲ್ಲ, ಮನಿಗೆ ಹೋಗ್ಬೋದು” ಎಂದು ನನ್ನನ್ನು ಡಿಸ್ಚಾರ್ಜ್ ಮಾಡಿದಳು.

ಯುಗಾದಿಯ ಹೊತ್ತಿಗೆ ಈರಿ ಇರಲಿಲ್ಲ. ನಾನವಳನ್ನು ಕೊನೆಯ ಸಲ ನೋಡಿದ್ದು ಅಂದು, ಅದೇ ಕೋಣೆಯಲ್ಲಿ. ಮಂಜುಳಾ ಕಾಫಿ ತಂದಿಟ್ಟಳು. ನಾನು ಏಳುವ ಮೊದಲೇ ಈರಿ ಎದ್ದು, ನನಗೊಂದು ಲೋಟ ಎತ್ತಿಕೊಡಲೆಂದು ಸ್ಟೀಲ್ ಟ್ರೇಯ ಮೇಲೆ ಬಾಗಿದಳು. ಎದೆಯ ಕಾರ್ಡೂ ಬಾಗಿತು. ಕಾಗದ ಟ್ರೇಯ ಅಂಚಿಗೆ ತಗುಲಿದರೆ ಸದ್ದಾಗುವುದಿಲ್ಲ. ಆದರೆ ಅದನ್ನು ಹಿಡಿದಿದ್ದ ಪಿನ್ನು ತಗುಲಿ, ಬಹಳ ಸಣ್ಣಗೆ, ಆದರೆ ಕುಕ್ಕರಿನ ಸೀಟಿ ತಪ್ಪಿಸುವ ನನ್ನ ಕಿವಿಗೂ ತಪ್ಪದಂತೆ, ಟಿಣ್ ಎಂದಿತು.